ಗಡಿಯಾರವೋ ಹಸಿವೋ: ಈಟಿಂಗ್ ಡಿಸಾರ್ಡರ್‌ನಿಂದ ಚೇತರಿಸಿಕೊಳ್ಳುವಾಗ ಯಾವ ಆರೈಕೆ ಆರಿಸಿಕೊಳ್ಳಬೇಕು?

ಸೆಲ್ಫ್ ಕೇರ್ ಬಗ್ಗೆ ಸಿಗುವ ಪಟ್ಟಿಗಳಲ್ಲಿ ಎಣ್ಣೆಸ್ನಾನ, ಫೇಸ್ ಪ್ಯಾಕ್, ಫೋನ್ ಆಫ್ ಮಾಡಿ ಮಲಗುವುದು, ಇಂಥವೇ ಇರುತ್ತವೆ. ಈಟಿಂಗ್ ಡಿಸಾರ್ಡರ್‌ನಿಂದ, ಅಂದರೆ ಊಟದ ಜೊತೆಗಿನ ಸಂಬಂಧವೇ ಕೆಡುವ ಮಾನಸಿಕ ಕಾಯಿಲೆಯಿಂದ, ಎದ್ದು ಬರುತ್ತಿರುವವರಿಗೆ ಅವುಗಳಲ್ಲಿ ಅರ್ಧ ಉಪಯೋಗಕ್ಕೆ ಬರುವುದಿಲ್ಲ. ಉಳಿದವುಗಳಲ್ಲಿ ಕೆಲವು ಕಾಯಿಲೆಗೇ ಗೊಬ್ಬರ ಹಾಕುತ್ತವೆ. "ಹಸಿವಾದಾಗ ಮಾತ್ರ ತಿನ್ನಿ", "ವಾರಕ್ಕೊಮ್ಮೆ ಹೊಟ್ಟೆಗೆ ರಜೆ ಕೊಡಿ", "ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡಿಕೊಳ್ಳಿ". ಬೇರೆಯವರಿಗೆ ಇವು ನಿರುಪದ್ರವಿ ಮಾತುಗಳಿರಬಹುದು, ಅನ್ನದ ಜೊತೆ ವರ್ಷಗಟ್ಟಲೆ ಜಗಳವಾಡಿ ದಣಿದವರಿಗೆ ಅಲ್ಲ.

ಹಾಗಾಗಿ ಇಲ್ಲಿ ದಿನನಿತ್ಯ ಎದುರಾಗುವ ಆಯ್ಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಅಳೆಯುವ ಕೋಲು ಒಂದೇ: ಇದನ್ನು ಮಾಡಿದರೆ ಮುಂದಿನ ಊಟ ಸಲೀಸಾಗುತ್ತದೆಯೋ, ಅದನ್ನು ತಪ್ಪಿಸಲು ನೆಪ ಸಿಗುತ್ತದೆಯೋ? ಮನಸ್ಸಿಗೆ ಹಿತವಾಗುತ್ತದೆಯೇ ಎನ್ನುವುದು ಆಮೇಲಿನ ಮಾತು. ಯಾಕೆಂದರೆ ಈ ಕಾಯಿಲೆಯಲ್ಲಿ ಊಟ ಬಿಟ್ಟಾಗಲೂ ಹಿತವೆನಿಸುತ್ತದೆ.

ಬರೆದಿರುವುದು ಈಗಾಗಲೇ ವೈದ್ಯರನ್ನು ಕಂಡಿರುವವರಿಗೆ, ಇಲ್ಲವೇ ಕಾಣಲು ಹೊರಟವರಿಗೆ. ದಪ್ಪವಾಗುವ ಹೆದರಿಕೆಯಿಂದ ಊಟ ಬಿಡುವ ಅನೊರೆಕ್ಸಿಯಾ ಇರಲಿ, ಒಮ್ಮೆಲೇ ಹೆಚ್ಚು ತಿಂದು ವಾಂತಿ ಮಾಡಿಯೋ ಬೇರೆ ರೀತಿಯೋ ಹೊರಹಾಕುವ ಬುಲಿಮಿಯಾ ಇರಲಿ, ಕಂಟ್ರೋಲ್ ತಪ್ಪಿ ತಿನ್ನುವ ಬಿಂಜ್ ಈಟಿಂಗ್ ಇರಲಿ, ಬಹುಪಾಲು ಮಾತು ಮೂರಕ್ಕೂ ಹೊಂದುತ್ತದೆ. ಹುಡುಗಿಯರಿಗೆ ಎಷ್ಟೋ ಹುಡುಗರಿಗೂ ಅಷ್ಟೇ. ಕಿಲೋ, ಕ್ಯಾಲರಿಗಳ ಅಂಕಿ ಇಲ್ಲಿ ಎಲ್ಲೂ ಇಲ್ಲ. ಓದುವವರಲ್ಲಿ ಕೆಲವರು ಅವನ್ನೇ ಹುಡುಕಿಕೊಂಡು ಬಂದು ತಮ್ಮ ಅಂಕಿಯ ಜೊತೆ ತಾಳೆ ನೋಡುತ್ತಾರೆ, ಅದಕ್ಕೇ ಬಿಟ್ಟಿದ್ದೇನೆ.

ಗಡಿಯಾರ ನೋಡಿ ಉಣ್ಣುವುದು, ಹಸಿವು ನೋಡಿ ಉಣ್ಣುವುದು

ಮೊದಲ ತಿಂಗಳುಗಳಲ್ಲಿ ಗಡಿಯಾರವೇ ಸರಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಕಾರಣ ತಿಳಿಯಬೇಕಾದರೆ ಎರಡನೇ ಮಹಾಯುದ್ಧದ ಕಾಲಕ್ಕೆ ಹೋಗಬೇಕು. 1944ರ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಯುವಕರನ್ನು ಒಂದು ಪ್ರಯೋಗಕ್ಕೆ ಸೇರಿಸಿಕೊಂಡರು. ಯುದ್ಧಕ್ಕೆ ಹೋಗಲು ಒಪ್ಪದೆ, ಅದರ ಬದಲು ಈ ಕೆಲಸಕ್ಕೆ ತಾವಾಗಿ ಬಂದವರು ಅವರು. ದೇಹದಲ್ಲೂ ಮನಸ್ಸಿನಲ್ಲೂ ಗಟ್ಟಿಮುಟ್ಟಾಗಿದ್ದವರನ್ನೇ ಆರಿಸಿದ್ದರು. ಆರು ತಿಂಗಳು ಅವರಿಗೆ ಅರೆಹೊಟ್ಟೆ ಊಟ ಕೊಟ್ಟರು. ನೋಡನೋಡುತ್ತ ಅವರ ಸ್ವಭಾವವೇ ಬದಲಾಯಿತು. ಸಿಡುಕು, ಮಂಕು, ಯಾರ ಜೊತೆಗೂ ಸೇರದಿರುವುದು, ಮೂರು ಹೊತ್ತೂ ತಿಂಡಿಯದೇ ಧ್ಯಾನ. ಅಡುಗೆ ಪುಸ್ತಕ ಓದುವುದರಲ್ಲಿ, ತಟ್ಟೆಯಲ್ಲಿದ್ದದ್ದನ್ನು ಗಂಟೆಗಟ್ಟಲೆ ಕಲಸುತ್ತ ಕೂರುವುದರಲ್ಲಿ ಹೊತ್ತು ಹೋಗುತ್ತಿತ್ತು. ಮತ್ತೆ ಊಟ ಕೊಡಲು ಶುರು ಮಾಡಿದ ಮೇಲೂ ಹಸಿವೆಯ ಸೂಚನೆ ಕೂಡಲೇ ದಾರಿಗೆ ಬರಲಿಲ್ಲ. ಹೊಟ್ಟೆ ಬಿರಿಯುವಷ್ಟು ತಿಂದರೂ ಕೆಲವರಿಗೆ ತೃಪ್ತಿ ಎನ್ನುವುದು ತಿಂಗಳುಗಳ ಕಾಲ ಬರಲಿಲ್ಲ. ಅವರ್‍ಯಾರಿಗೂ ಈಟಿಂಗ್ ಡಿಸಾರ್ಡರ್ ಇರಲಿಲ್ಲ, ಹೊಟ್ಟೆಗೆ ಕಡಿಮೆ ಬಿದ್ದಿತ್ತು, ಅಷ್ಟೇ. "ನನ್ನ ಬುದ್ಧಿಯೇ ಇಷ್ಟು ಕೆಟ್ಟದ್ದು" ಎಂದು ಹಳಹಳಿಸುವವರು ಇದನ್ನು ಒಮ್ಮೆ ನೆನೆಸಿಕೊಳ್ಳಬೇಕು.

ಹೀಗಾಗಿ "ಹಸಿವಿಲ್ಲ" ಎಂದು ದೇಹ ಹೇಳಿದರೆ ಅದನ್ನು ನಂಬುವ ಹಾಗಿಲ್ಲ, "ಇನ್ನೂ ಬೇಕು" ಎಂದರೂ ಗಾಬರಿಯಾಗುವ ಹಾಗಿಲ್ಲ. ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಸಿಬಿಟಿ-ಇ ಎಂಬ ಮಾತಿನ ಚಿಕಿತ್ಸೆಯಲ್ಲಿ ಮೊದಮೊದಲು ಕಲಿಸುವ ಪಾಠವೇ ಹೊತ್ತುಹೊತ್ತಿಗೆ ಉಣ್ಣುವುದು. ಮೂರು ಊಟ, ನಡುವೆ ಎರಡೋ ಮೂರೋ ಸಣ್ಣ ತಿಂಡಿ, ಎಚ್ಚರವಿರುವಾಗ ನಾಲ್ಕು ಗಂಟೆಗಿಂತ ಹೆಚ್ಚು ಖಾಲಿ ಹೊಟ್ಟೆ ಬೇಡ. ಬಿಂಜ್ ಮಾಡುವವರಿಗೆ ಇದು ಉಲ್ಟಾ ಅನ್ನಿಸಬಹುದು, "ಹೆಚ್ಚು ತಿನ್ನುವುದೇ ನನ್ನ ತೊಂದರೆ, ಆರು ಸಲ ತಿನ್ನಲೇ?" ಎಂದು. ಆದರೆ ರಾತ್ರಿ ಹತ್ತರ ಬಿಂಜ್‌ನ ಬೇರು ಬಹಳ ಸಲ ಮಧ್ಯಾಹ್ನ ಬಿಟ್ಟ ಊಟದಲ್ಲಿರುತ್ತದೆ.

ನಮ್ಮ ಕಡೆಯ ದಿನಚರಿಯಲ್ಲಿ ಒಂದು ದೊಡ್ಡ ತೂತು ಇದೆ. ಎಂಟಕ್ಕೆ ತಿಂಡಿ, ಒಂದೂವರೆಗೆ ಊಟ, ರಾತ್ರಿ ಒಂಬತ್ತೂವರೆಗೆ ಮತ್ತೆ ಊಟ. ನಡುವಿನ ಎಂಟು ಗಂಟೆಗೆ ಒಂದು ಲೋಟ ಕಾಫಿ ಮಾತ್ರ. ಬರೀ ಕಾಫಿ ಲೆಕ್ಕಕ್ಕಿಲ್ಲ, ಅದು ಹಸಿವನ್ನು ಇನ್ನಷ್ಟು ಅಡಗಿಸುತ್ತದೆ. ಐದೂವರೆಗೆ ಕಾಫಿಯ ಜೊತೆ ಅವಲಕ್ಕಿಯೋ, ಬೆಣ್ಣೆ ಸವರಿದ ಬನ್ನೋ, ಕಡಲೆಕಾಯಿ ಚಿಕ್ಕಿಯೋ ಇರಲಿ. ಬೆಳಿಗ್ಗೆ ಹನ್ನೊಂದಕ್ಕೆ ಒಂದು, ಮಲಗುವ ಮುಂಚೆ ಹಾಲು. ಫೋನಿನಲ್ಲಿ ಅಲಾರಂ ಇಡಿ, ಅಲಾರಂ ಹೊಡೆದಾಗ "ಈಗ ಬೇಕಾ ಬೇಡವಾ" ಎಂಬ ಚರ್ಚೆಗೆ ಕೂರಬೇಡಿ.

ಹೊಟ್ಟೆ ಉಬ್ಬರಿಸುತ್ತದೆ, ಎರಡು ತುತ್ತಿಗೇ ತುಂಬಿದಂತಾಗುತ್ತದೆ. ಬಹಳ ದಿನ ಕಡಿಮೆ ತಿಂದ ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಅದರಿಂದ ಹೀಗಾಗುವುದು. ಹೊತ್ತಿಗೆ ಸರಿಯಾಗಿ ತಿನ್ನುತ್ತ ಹೋದರೆ ಸಾಮಾನ್ಯವಾಗಿ ವಾರಗಳಲ್ಲಿ ಇಳಿಯುತ್ತದೆ. ಹಸಿವು ನೋಡಿ ಉಣ್ಣುವ ಕಾಲವೂ ಬರುತ್ತದೆ, ಆದರೆ ಯಾವಾಗ ಎನ್ನುವುದನ್ನು ಚಿಕಿತ್ಸಕರ ಜೊತೆ ಕೂತು ನಿರ್ಧರಿಸಬೇಕು. ಇನ್‌ಸ್ಟಾಗ್ರಾಮ್ ರೀಲ್ ನೋಡಿಕೊಂಡಲ್ಲ.

ಒಂದು ಎಚ್ಚರಿಕೆ. ತೀರಾ ಸೊರಗಿರುವವರು, ಎಷ್ಟೋ ದಿನ ಹೆಚ್ಚುಕಡಿಮೆ ಏನೂ ತಿನ್ನದೆ ಇದ್ದವರು "ಇವತ್ತಿನಿಂದ ಶುರು" ಎಂದು ಒಮ್ಮೆಲೇ ಜಾಸ್ತಿ ತಿನ್ನಬಾರದು. ರಕ್ತದಲ್ಲಿ ಫಾಸ್ಫರಸ್, ಪೊಟ್ಯಾಶಿಯಂ ದಿಢೀರ್ ಕುಸಿದು ಹೃದಯಕ್ಕೆ ಅಪಾಯವಾಗುತ್ತದೆ. ರೀಫೀಡಿಂಗ್ ಸಿಂಡ್ರೋಮ್ ಎನ್ನುವುದು ಇದನ್ನೇ. ಅಂಥವರ ಮೊದಲ ದಿನಗಳು ವೈದ್ಯರ ಕಣ್ಣಳತೆಯಲ್ಲೇ ಕಳೆಯಬೇಕು, ಬೇಕಿದ್ದರೆ ಅಡ್ಮಿಟ್ ಆಗಿಯೇ.

ಬಡಿಸುವವರು ಯಾರು?

ಹದಿನೆಂಟರ ಒಳಗಿನ ಮಕ್ಕಳಿಗಾದರೆ ಉತ್ತರ ಸುಲಭ: ಅಪ್ಪ ಅಮ್ಮ. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಹುಟ್ಟಿದ ಫ್ಯಾಮಿಲಿ ಬೇಸ್ಡ್ ಟ್ರೀಟ್‌ಮೆಂಟ್‌ನಲ್ಲಿ ಮೊದಲ ಹಂತದಲ್ಲಿ ಏನು, ಎಷ್ಟು, ಯಾವಾಗ ಎಂಬ ಮೂರೂ ಹೆತ್ತವರ ಕೈಯಲ್ಲಿರುತ್ತವೆ. ಎರಡನೇ ಹಂತದಲ್ಲಿ ನಿಧಾನವಾಗಿ ಮಗುವಿನ ಕೈಗೆ ಮರಳುತ್ತವೆ. ಮೂರನೆಯದರಲ್ಲಿ ಆ ವಯಸ್ಸಿನ ಮಿಕ್ಕ ವಿಷಯಗಳ ಮಾತು. ತಪ್ಪು ಯಾರದು ಎಂದು ಇಲ್ಲಿ ಹುಡುಕುವುದಿಲ್ಲ. "ನಾವು ಹೀಗೆ ಬೆಳೆಸಿದ್ದಕ್ಕೇ ಹೀಗಾಯಿತು" ಎಂದು ಅಳುವ ತಾಯಂದಿರಿಗೆ ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ದೊಡ್ಡವರಿಗೆ ಮೂರು ದಾರಿ. ತಾನೇ ಬಡಿಸಿಕೊಳ್ಳುವುದು, ಮನೆಯವರೊಬ್ಬರಿಗೆ ಒಪ್ಪಿಸುವುದು, ಹೊರಗೆ ಉಣ್ಣುವುದು. ಕಾಯಿಲೆ ಜೋರಾಗಿರುವಾಗ ತಾನೇ ಬಡಿಸಿಕೊಳ್ಳುವುದು ಬೇಡ. ಸೌಟು ಕೈಯಲ್ಲಿ ಹಿಡಿದ ಕೂಡಲೇ ತಲೆಯೊಳಗಿನ ವಕೀಲ ಎದ್ದು ನಿಲ್ಲುತ್ತಾನೆ. ಒಪ್ಪಿಸುವುದಾದರೆ ಪ್ರೀತಿ ಹೆಚ್ಚಿರುವವರಿಗಿಂತ ಮಾತು ಕಡಿಮೆ ಇರುವವರನ್ನು ಆರಿಸಿ. ಸ್ವತಃ ಡಯಟ್‌ನಲ್ಲಿರುವ ಅಮ್ಮನಿಗಿಂತ, ಟಿವಿ ನೋಡುತ್ತ ಉಣ್ಣುವ ಚಿಕ್ಕಪ್ಪ ವಾಸಿ. ಅಕ್ಕನಿಗೆ ಒಪ್ಪಿಸುವುದಾದರೆ ಮೊದಲೇ ಬಾಯಿಬಿಟ್ಟು ಹೇಳಿಬಿಡಬೇಕು: "ಅಕ್ಕ, ಈ ತಿಂಗಳು ನೀನೇ ಬಡಿಸು. ನಾನು ಸಾಕು ಅಂದ್ರೂ ಕೇಳ್ಬೇಡ. ಆದ್ರೆ ನನ್ನ ತಟ್ಟೆ ನೋಡ್ತಾ ಕೂತ್ಕೋಬೇಡ. ತಿಂದಾದ್ಮೇಲೆ ಶಭಾಷ್ ಅನ್ನೋದೂ ಬೇಡ."

ಆ ಕೊನೆಯ ಮಾತು ಮನೆಯವರಿಗೆ ಅರ್ಥವಾಗುವುದಿಲ್ಲ. ಹೊಗಳಿದರೆ ತಪ್ಪೇನು? "ಇವತ್ತು ಚೆನ್ನಾಗಿ ತಿಂದೆ ಪುಟ್ಟಾ" ಎಂಬ ಮಾತು "ಇವತ್ತು ಜಾಸ್ತಿ ತಿಂದೆ" ಎಂದು ಕೇಳಿಸುತ್ತದೆ. ಊಟದ ಹೊತ್ತಿಗೆ ಕ್ರಿಕೆಟ್, ಧಾರಾವಾಹಿ, ಎದುರು ಮನೆಯ ನಾಯಿ, ಏನು ಬೇಕಾದರೂ ಮಾತಿಗಿರಲಿ. ಅನ್ನ, ಸಾರು, ಮೈತೂಕ, ಈ ಮೂರು ಬೇಡ.

ಹೊರಗೆ ಉಣ್ಣುವವರಿಗೆ ದರ್ಶಿನಿಯಷ್ಟು ಅನುಕೂಲ ಬೇರೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಕೌಂಟರಿನಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಂಡರೆ ಮುಗಿಯಿತು. ಪ್ಲೇಟಿನಲ್ಲಿ ಎಷ್ಟಿರಬೇಕು ಎಂದು ಹೋಟೆಲಿನವನು ಎಂದೋ ತೀರ್ಮಾನಿಸಿಬಿಟ್ಟಿದ್ದಾನೆ. ಚಟ್ನಿ ಹಾಕುವವನಿಗೆ ನಿಮ್ಮ ಮುಖ ನೋಡಲೂ ಪುರಸೊತ್ತಿಲ್ಲ, ನಿಂತು ತಿಂದು ಹತ್ತು ನಿಮಿಷದಲ್ಲಿ ಆಚೆ ಬರಬಹುದು. ಬಫೆ ಇದಕ್ಕೆ ತದ್ವಿರುದ್ಧ. ಮೂವತ್ತು ಬಗೆಯ ಮುಂದೆ ಖಾಲಿ ತಟ್ಟೆ ಹಿಡಿದು ನಿಲ್ಲುವುದು ಬಿಂಜ್ ಇರುವವರಿಗೂ ಕಷ್ಟ, ತಿನ್ನಲು ಹೆದರುವವರಿಗೂ ಕಷ್ಟ. ಮೊದಲ ವರ್ಷ ತಪ್ಪಿಸಬಹುದಾದರೆ ತಪ್ಪಿಸಿ, ತಪ್ಪದಿದ್ದರೆ ಜೊತೆಯವರೇ ಒಂದು ತಟ್ಟೆ ತುಂಬಿಸಿ ತಂದುಕೊಡಲಿ. ಎಲೆ ಊಟದ ಪಂಕ್ತಿ ಮಾತ್ರ ಆಳು ನೋಡಿ ಹೇಳಬೇಕಾದ್ದು. ಬಡಿಸುವವರೇ ಬಡಿಸಿಕೊಂಡು ಹೋಗುವುದು, ಎಲ್ಲರೂ ಒಟ್ಟಿಗೆ ಶುರು ಮಾಡಿ ಒಟ್ಟಿಗೆ ಏಳುವುದು ಕೆಲವರಿಗೆ ನೆಮ್ಮದಿ. ಕೈ ಅಡ್ಡ ಹಿಡಿದರೂ ಬೀಳುವ ಎರಡನೇ ಹೋಳಿಗೆ ಕೆಲವರಿಗೆ ಇಡೀ ದಿನ ಕೆಡಿಸುತ್ತದೆ. ಪಿ.ಜಿ.ಯಲ್ಲಿರುವವರು ಅಲ್ಲಿಯ ಊಟ ಸೇರಲಿಲ್ಲ ಎಂದು ಬಿಡುವ ಬದಲು ಟಿಫಿನ್ ಡಬ್ಬಿ ತರಿಸಿಕೊಳ್ಳಲಿ. "ಪಿ.ಜಿ. ಸಾಂಬಾರ್ ಚೆನ್ನಾಗಿಲ್ಲ" ಎನ್ನುವುದು ನಿಜವೇ ಇರಬಹುದು, ಆದರೆ ನೆಪ ಮಾಡಿಕೊಳ್ಳಲು ಅದಕ್ಕಿಂತ ಸುಲಭದ್ದು ಸಿಗುವುದಿಲ್ಲ.

ಊಟವಾದ ಮೇಲಿನ ಒಂದು ಗಂಟೆ

ದಿನದಲ್ಲಿ ಅತಿ ಕಷ್ಟದ ಹೊತ್ತು ಇದು. ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಫೋನ್ ಹಿಡಿಯುವುದು, ಸ್ನಾನಕ್ಕೆ ಹೋಗುವುದು, ಯಾರ ಜೊತೆಗಾದರೂ ಕೂರುವುದು. ಈ ನಾಲ್ಕರಲ್ಲಿ ಕೊನೆಯದೇ ಉತ್ತಮ, ಅದರಲ್ಲೂ ಕೈಗೆ ಕೆಲಸವಿದ್ದರೆ ಇನ್ನೂ ಒಳ್ಳೆಯದು. ಹೂ ಕಟ್ಟುವುದು, ಕ್ರೋಶಾ, ಚೌಕಾಬಾರ, ಮಗುವಿನ ಪುಸ್ತಕಕ್ಕೆ ಬೈಂಡ್ ಹಾಕುವುದು. ಫೋನ್ ಎರಡನೇ ಸ್ಥಾನಕ್ಕೂ ಬರುವುದಿಲ್ಲ, ಅದರೊಳಗೆ ಏನು ಕಾದಿರುತ್ತದೆ ಎಂದು ಹೇಳಲಾಗದು. ಎಣ್ಣೆಸ್ನಾನ ಬೇಕೆನಿಸಿದರೆ ಊಟಕ್ಕೆ ಮುಂಚೆ ಮುಗಿಸಿ. ಊಟದ ಮೇಲೆ ಬಚ್ಚಲುಮನೆಯಲ್ಲಿ ಒಬ್ಬರೇ ಇರುವುದು ವಾಂತಿಯ ಅಭ್ಯಾಸವಿದ್ದವರಿಗೆ ಬೆಂಕಿಯ ಪಕ್ಕದಲ್ಲಿ ಕೂತ ಹಾಗೆ. ಬಿಪಿ ಕಡಿಮೆ ಇರುವವರು ಹಂಡೆಯ ಬಿಸಿನೀರು ಸುರಿದುಕೊಂಡು ತಲೆ ತಿರುಗಿ ಬೀಳುವುದೂ ಉಂಟು.

ವಾಂತಿ ಆಗಿಯೇ ಹೋಯಿತು ಎನ್ನಿ. ಕೂಡಲೇ ಹಲ್ಲುಜ್ಜಬೇಡಿ, ಆಮ್ಲದಿಂದ ಮೆತ್ತಗಾದ ಎನಾಮಲ್ ಬ್ರಷ್‌ಗೆ ಸವೆಯುತ್ತದೆ. ಚಿಟಿಕೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಡಿ. ಮುಂದಿನ ತಿಂಡಿ ಗಡಿಯಾರದ ಪ್ರಕಾರವೇ. ಪ್ರಾಯಶ್ಚಿತ್ತಕ್ಕೆಂದು ಅದನ್ನು ಬಿಟ್ಟರೆ ಸಂಜೆಗೆ ಅದೇ ಚಕ್ರ ಮತ್ತೆ ತಿರುಗುತ್ತದೆ.

ತೂಕದ ಯಂತ್ರ, ಆಪ್, ನೋಟ್‌ಬುಕ್

ಮನೆಯಲ್ಲಿ ಯಂತ್ರ ಬೇಡ. ಅಟ್ಟದ ಮೇಲೆ ಬಚ್ಚಿಟ್ಟರೆ ಏಣಿ ಹಾಕಿ ಇಳಿಸಿಕೊಳ್ಳುವವರಿದ್ದಾರೆ, ಯಾರಿಗಾದರೂ ಕೊಟ್ಟುಬಿಡಿ. ತೂಕ ನೋಡುವುದು ಚಿಕಿತ್ಸಕರ ಕ್ಲಿನಿಕ್ಕಿನಲ್ಲಿ ಮಾತ್ರ. ಅಲ್ಲಿ ಎರಡು ಪದ್ಧತಿಗಳಿವೆ. ಸಿಬಿಟಿ-ಇಯಲ್ಲಿ ವಾರಕ್ಕೊಮ್ಮೆ ತೂಕ ನೋಡಿ, ಅಂಕಿಯನ್ನು ಇಬ್ಬರೂ ಒಟ್ಟಿಗೆ ಚರ್ಚಿಸುತ್ತಾರೆ. ಒಂದು ವಾರದ ಏರಿಳಿತಕ್ಕೆ ಅರ್ಥವಿಲ್ಲ ಎಂದು ಅನುಭವದಿಂದಲೇ ಕಲಿಯಲಿ ಎನ್ನುವುದು ಅದರ ಉದ್ದೇಶ. ಇನ್ನು ಕೆಲವರು ಬೆನ್ನು ತಿರುಗಿಸಿ ನಿಲ್ಲಿಸಿ, ಅಂಕಿಯನ್ನು ತಾವು ಮಾತ್ರ ಬರೆದುಕೊಳ್ಳುತ್ತಾರೆ. ಅಂಕಿ ಕಂಡ ದಿನ ಊಟ ನಿಂತೇ ಹೋಗುವಷ್ಟು ಹೆದರಿಕೆಯಿದ್ದರೆ ಸದ್ಯಕ್ಕೆ ಎರಡನೆಯದು, ಸ್ವಲ್ಪ ಗಟ್ಟಿಯಾದ ಮೇಲೆ ಮೊದಲನೆಯದು. ಬೇರೆ ಕಾಯಿಲೆಗೆ ಆಸ್ಪತ್ರೆಗೆ ಹೋದಾಗ ಓಪಿಡಿಯಲ್ಲಿ ನರ್ಸ್ ಎಲ್ಲರೆದುರು ಗಟ್ಟಿಯಾಗಿ ಓದಿಬಿಡುತ್ತಾರಲ್ಲ, ಆಗ "ಸಿಸ್ಟರ್, ಚೀಟಿಯಲ್ಲಿ ಬರೆದುಬಿಡಿ, ಹೇಳಬೇಡಿ" ಎಂದರೆ ಸಾಕು. ಟೈಲರ್ ಅಂಗಡಿಯಲ್ಲೂ ಇದೇ ಕಥೆ. ಮೇಷ್ಟ್ರು ಟೇಪ್ ಹಿಡಿದು ಸೊಂಟದ ಅಳತೆ ಕೂಗುತ್ತಾರೆ, ಹುಡುಗ ಬರೆದುಕೊಳ್ಳುತ್ತಾನೆ. ಮೊದಲೇ ಒಂದು ಮಾತು ಹೇಳಿ, ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟು ಹೊಲಿಯಲು ಹೇಳಿ. ಹಳೆಯ ಬಿಗಿ ಜೀನ್ಸ್ ಬೀರುವಿನಲ್ಲಿ ಇಟ್ಟುಕೊಳ್ಳುವುದಕ್ಕಿಂತ ಕೊಟ್ಟುಬಿಡುವುದು ಮೇಲು.

ತಿಂದದ್ದನ್ನು ಬರೆದಿಡಲು ಹೇಳಿದ್ದರೆ ಕಾಗದದ ನೋಟ್‌ಬುಕ್ ಸಾಕು. ಹೊತ್ತು, ಏನು ತಿಂದೆ, ಎಲ್ಲಿ, ಯಾರ ಜೊತೆ, ಆಗ ಮನಸ್ಸು ಹೇಗಿತ್ತು. ಕ್ಯಾಲರಿ ಲೆಕ್ಕ ಹಾಕುವ ಆಪ್‌ಗಳನ್ನು ಡಿಲೀಟ್ ಮಾಡಿ, ಹೆಜ್ಜೆ ಎಣಿಸುವ ವಾಚ್ ಬಿಚ್ಚಿಡಿ. ಚಾಟ್‌ಬಾಟ್ ಜೊತೆ ಮಾತಾಡಿದರೆ ಆಗದೇ ಎಂದು ಕೇಳುವವರಿಗೆ 2023ರ ಒಂದು ಪ್ರಸಂಗ. ಅಮೆರಿಕದ ನ್ಯಾಷನಲ್ ಈಟಿಂಗ್ ಡಿಸಾರ್ಡರ್ಸ್ ಅಸೋಸಿಯೇಷನ್ ಎಂಬ ಸಂಸ್ಥೆ ಮನುಷ್ಯರು ಉತ್ತರಿಸುತ್ತಿದ್ದ ತನ್ನ ಸಹಾಯವಾಣಿ ನಿಲ್ಲಿಸುವ ಹೊತ್ತಿನಲ್ಲೇ, ಅದರ ಟೆಸ್ಸಾ ಎಂಬ ಚಾಟ್‌ಬಾಟ್ ಬಳಕೆದಾರರಿಗೆ ತೂಕ ಇಳಿಸುವ ಸಲಹೆ ಕೊಟ್ಟಿದ್ದು ಹೊರಬಂತು. ಕೊನೆಗೆ ಅದನ್ನು ತೆಗೆಯಬೇಕಾಯಿತು. ಈ ಕಾಯಿಲೆಗೆಂದೇ ಇದ್ದ ಬಾಟ್‌ನ ಗತಿ ಇದು.

ಜಿಮ್, ವಾಕಿಂಗ್, ಯೋಗ, ಸುಮ್ಮನಿರುವುದು

ಸುಮ್ಮನಿರುವುದೂ ಒಂದು ಆಯ್ಕೆ, ಅದನ್ನು ಯಾರೂ ಹೇಳುವುದಿಲ್ಲ. ಮುಟ್ಟು ನಿಂತಿದ್ದರೆ, ಮೂಳೆ ಸವೆದಿದ್ದರೆ, ನಾಡಿ ನಿಧಾನವಾಗಿದ್ದರೆ ವೈದ್ಯರು ಇಸಿಜಿ ನೋಡಿ ಸರಿ ಎನ್ನುವ ತನಕ ಸುಮ್ಮನಿರುವುದೇ ಆರೈಕೆ. "ಕ್ರೀಡಾಪಟುಗಳಿಗೂ ನಾಡಿ ನಿಧಾನವೇ ಇರುತ್ತದೆ" ಎನ್ನುವ ಸಮಾಧಾನ ಇಲ್ಲಿ ನಡೆಯದು. ಆಮೇಲೆ ವಾಕಿಂಗ್, ಅದೂ ಹರಟೆ ಹೊಡೆಯುತ್ತ ಯಾರ ಜೊತೆಗಾದರೂ. ಮಳೆ ಬಂದು ವಾಕಿಂಗ್ ತಪ್ಪಿದ ದಿನ ಊಟ ಕಡಿಮೆ ಮಾಡಬೇಕೆನಿಸಿದರೆ ಆ ವಾಕಿಂಗ್ ಇನ್ನೂ ಕಾಯಿಲೆಯದೇ, ನಿಮ್ಮದಲ್ಲ. ಜಿಮ್ ಕೊನೆಗೆ. ಮೈ ಕಟ್ಟಲು ಹೋಗಿ ಪ್ರೋಟೀನ್ ಪೌಡರಿನ ಮೇಲೆ ಬದುಕುವ ಹುಡುಗರ ಕಾಯಿಲೆಯನ್ನು ಮನೆಯವರು "ಶಿಸ್ತು" ಎಂದು ಮೆಚ್ಚುತ್ತಿರುತ್ತಾರೆ.

ಯೋಗ ಎಂದ ಕೂಡಲೇ ಎಲ್ಲರೂ ತಲೆದೂಗುತ್ತಾರೆ, ನಾನು ಪೂರ್ತಿ ಒಪ್ಪುವುದಿಲ್ಲ. ನಿಧಾನದ ಆಸನ, ಶವಾಸನ, ಉಸಿರಾಟ ಚೆನ್ನ. ಬೆವರಿಳಿಯುವ ಹಾಗೆ ಸೂರ್ಯನಮಸ್ಕಾರ ಎಣಿಸುವುದು ಜಿಮ್‌ನ ತಮ್ಮನೇ. ಇನ್ನು ಶುದ್ಧಿಕ್ರಿಯೆಗಳ ಹತ್ತಿರ ಹೋಗಲೇಬಾರದು. ಉಪ್ಪುನೀರು ಕುಡಿದು ವಾಂತಿ ಮಾಡುವ ವಮನಧೌತಿ, ಬಾರಿಬಾರಿಗೂ ನೀರು ಕುಡಿದು ಹೊಟ್ಟೆ ಖಾಲಿ ಮಾಡುವ ಶಂಖಪ್ರಕ್ಷಾಲನ. ಬುಲಿಮಿಯಾದಿಂದ ಹೊರಬರುತ್ತಿರುವವರಿಗೆ ಇವು ಹಳೆಯ ಅಭ್ಯಾಸಕ್ಕೆ ಹೊಸ ಮರ್ಯಾದೆಯ ಹೆಸರು. ನಮ್ಮ ರಾಜ್ಯದಲ್ಲಿ ಪ್ರಕೃತಿ ಚಿಕಿತ್ಸೆಯ ಕೇಂದ್ರಗಳು ಬೇಕಾದಷ್ಟಿವೆ, "ಹತ್ತು ದಿನ ಹೋಗಿ ಬಾ, ಮೈ ಮನಸ್ಸು ಹಗುರಾಗುತ್ತೆ" ಎಂದು ಹಿತೈಷಿಗಳೇ ಟಿಕೆಟ್ ಮಾಡಿಸಿಕೊಡುತ್ತಾರೆ. ಅಲ್ಲಿ ರಸಾಹಾರ, ಉಪವಾಸ, ಎನಿಮಾ ಚಿಕಿತ್ಸೆಯ ಭಾಗ. ಬೇರೆಯವರಿಗೆ ಏನಾದರೂ ಆಗಲಿ, ನಿಮಗೆ ಬೇಡ. ಮೈಸೂರಿನಲ್ಲೋ ಮಡಿಕೇರಿಯಲ್ಲೋ ಗೆಳತಿಯ ಮನೆಯಲ್ಲಿ ನಾಲ್ಕು ದಿನ ಉಂಡು ಮಲಗಿ ಬನ್ನಿ.

ಏಕಾದಶಿ, ಶ್ರಾವಣ, ರಂಜಾನ್

ಪೂರ್ತಿ ಉಪವಾಸ ಬೇಡ ಎನ್ನುವುದು ಹೆಚ್ಚಿನವರಿಗೆ ಗೊತ್ತು. ಮೋಸ ಮಾಡುವುದು ನಡುವಿನ ದಾರಿ: "ಅನ್ನ ಬಿಟ್ಟು ಫಲಾಹಾರ ಮಾತ್ರ". ಹೊಟ್ಟೆಗೆ ಬಿದ್ದ ಲೆಕ್ಕದಲ್ಲಿ ಅದು ಕಡಿಮೆಯೇನಲ್ಲದಿರಬಹುದು. ಆದರೆ "ಇದು ತಿನ್ನಬಹುದು, ಇದು ತಿನ್ನಬಾರದು" ಎಂಬ ನಿಯಮದ ರುಚಿ ಮತ್ತೆ ಹತ್ತುತ್ತದೆ, ದ್ವಾದಶಿಗೆ ಅದು ಬಿಟ್ಟುಹೋಗುವುದಿಲ್ಲ. ಆದ್ದರಿಂದ ವ್ರತವನ್ನು ತಟ್ಟೆಯಿಂದ ಆಚೆಗೆ ಸಾಗಿಸುವುದು ಲೇಸು. ಆ ದಿನ ಫೋನ್ ಮುಟ್ಟದಿರುವುದು, ಮೌನ, ಜಪ, ಒಬ್ಬರಿಗೆ ಊಟ ಹಾಕಿಸುವುದು. ಕಾಯಿಲೆಯವರು, ಬಸುರಿ ಬಾಣಂತಿಯರು ಉಪವಾಸ ಮಾಡಬೇಕಿಲ್ಲ ಎನ್ನುವುದು ನಮ್ಮ ಅಜ್ಜಿಯರೂ ಒಪ್ಪಿದ್ದ ಮಾತು. ರಂಜಾನ್ ಉಪವಾಸದಲ್ಲೂ ಕಾಯಿಲೆಯವರಿಗೆ ಕುರ್‌ಆನ್‌ನಲ್ಲೇ ವಿನಾಯಿತಿ ಇದೆ. ದೀರ್ಘ ಕಾಯಿಲೆಯವರು ಬಿಟ್ಟ ದಿನಗಳಿಗೆ ಬಡವರಿಗೆ ಊಟ ಕೊಡುವ ಫಿದ್ಯಾ ಎಂಬ ದಾರಿಯೂ ಉಂಟು. ಹಿಂಜರಿಕೆ ಇದ್ದರೆ ಪುರೋಹಿತರನ್ನೋ ಮೌಲವಿಯವರನ್ನೋ ಕೇಳಿ. ಅವರ ಬಾಯಿಂದ ಬಂದ ಮಾತಿಗೆ ಮನೆಯಲ್ಲಿ ಎದುರಾಡುವವರು ಕಡಿಮೆ.

ಮದುವೆಮನೆಯಲ್ಲಿ ಏನು ಹೇಳುವುದು

"ಸೊರಗಿ ಕಡ್ಡಿಯಾಗಿದ್ದೆ, ಈಗ ನೋಡು ಮೈಕೈ ತುಂಬ್ಕೊಂಡು ಲಕ್ಷಣವಾಗಿದೀಯ." ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಕೇಳಿದವರಿಗೆ ಮಾತ್ರ ಎಲೆಯ ಮುಂದೆ ಕೂರುವ ಧೈರ್ಯ ಹೋಗಿಬಿಡುತ್ತದೆ. ಕಾಯಿಲೆ ಏನೆಂದು ವಿವರಿಸಿ ಹೇಳಬಹುದು, ಆದರೆ ಛತ್ರದ ವಾಲಗದ ನಡುವೆ ಅದು ಆಗುವ ಕೆಲಸವಲ್ಲ, ಸಂಜೆಗೆ ಇಡೀ ಬೀಗರಿಗೆ ಸುದ್ದಿ. ಸುಮ್ಮನೆ ನಕ್ಕರೆ ಇನ್ನೂ ಎರಡು ಮಾತು ಬರುತ್ತದೆ. ಸಾಮಾನ್ಯವಾಗಿ ಕೆಲಸಕ್ಕೆ ಬರುವ ಉತ್ತರ ಇದು: "ಹೌದಾ ಅತ್ತೆ. ನಿಮ್ಮ ಮಂಡಿನೋವು ಹೇಗಿದೆ ಈಗ?" ಅಲ್ಲಿಂದ ಅರ್ಧ ಗಂಟೆ ನಿಮ್ಮ ಸುದ್ದಿಗೆ ಯಾರೂ ಬರುವುದಿಲ್ಲ. ಪಕ್ಕದಲ್ಲಿ ಕೂರಲು ವಿಷಯ ಗೊತ್ತಿರುವ ತಂಗಿಯೋ ಕಸಿನ್ನೋ ಒಬ್ಬರಿರಲಿ.

ಯಾರ ಹತ್ತಿರ ಹೋಗುವುದು

ಸೈಕಿಯಾಟ್ರಿಸ್ಟ್ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದ ವೈದ್ಯರು. ಇಸಿಜಿ, ರಕ್ತಪರೀಕ್ಷೆ ಬರೆಯುವುದು, ಮಾತ್ರೆ ಕೊಡುವುದು, ಅಡ್ಮಿಟ್ ಮಾಡಬೇಕೇ ಎಂದು ತೀರ್ಮಾನಿಸುವುದು ಅವರ ಕೆಲಸ. ಬುಲಿಮಿಯಾಕ್ಕೆ ಫ್ಲುಯೊಕ್ಸೆಟಿನ್ ಎಂಬ ಮಾತ್ರೆ ಬರೆದುಕೊಡುವುದುಂಟು, ಅನೊರೆಕ್ಸಿಯಾಕ್ಕೆ ಊಟದ ಜಾಗ ತುಂಬುವ ಮಾತ್ರೆ ಯಾವುದೂ ಇಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡುತ್ತಾರೆ. ಸಿಬಿಟಿ-ಇ ಸಾಮಾನ್ಯವಾಗಿ 20 ವಾರಗಳಲ್ಲಿ 20 ಭೇಟಿ, ತೂಕ ತೀರಾ ಕಡಿಮೆಯಿದ್ದವರಿಗೆ ಹೆಚ್ಚುಕಡಿಮೆ 40. ಡಯಟಿಷಿಯನ್ ಮೂರನೆಯವರು. ಇಲ್ಲಿ ಎಚ್ಚರವಿರಲಿ, ಊರಿನ ಬಹಳಷ್ಟು ಡಯಟ್ ಕ್ಲಿನಿಕ್‌ಗಳ ಕಸುಬು ತೂಕ ಇಳಿಸುವುದೇ. ಅಪಾಯಿಂಟ್‌ಮೆಂಟ್‌ಗೆ ಮುಂಚೆ ಫೋನಿನಲ್ಲೇ ಕೇಳಿ: "ಈಟಿಂಗ್ ಡಿಸಾರ್ಡರ್ ಇರುವವರನ್ನು ನೋಡಿದ್ದೀರಾ? ಕ್ಯಾಲರಿ ಎಣಿಸದೆ ಊಟದ ಪ್ಲಾನ್ ಕೊಡುತ್ತೀರಾ?" ತಡವರಿಸಿದರೆ ಬೇರೆಯವರನ್ನು ಹುಡುಕಿ. ಒಬ್ಬರನ್ನೇ ನೋಡಲು ದುಡ್ಡಿದ್ದರೆ ಮೊದಲು ಸೈಕಿಯಾಟ್ರಿಸ್ಟ್.

ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆಗಳಿವೆ. ಖಾಸಗಿಯವರಿಗಿಂತ ಖರ್ಚು ಬಹಳ ಕಡಿಮೆ, ಕಾಯುವುದು ಬಹಳ ಹೆಚ್ಚು, ಬೆಳಿಗ್ಗೆಯೇ ಹೋಗಿ, ಜೊತೆಗೆ ತಿಂಡಿ ಡಬ್ಬಿ ಒಯ್ಯಿರಿ. ಜಿಲ್ಲಾಸ್ಪತ್ರೆಗಳಲ್ಲೂ ಮನೋವೈದ್ಯರಿರುತ್ತಾರೆ. ಈ ಕಾಯಿಲೆ ನೋಡಿ ಪಳಗಿದವರು ಎಲ್ಲೆಡೆ ಸಿಗಲಾರರು, ಆದರೆ ಪರೀಕ್ಷೆ ಮಾಡಿಸಿ ಮುಂದಕ್ಕೆ ಕಳಿಸಲು ಅಷ್ಟು ಸಾಕು. ಆನ್‌ಲೈನ್ ಥೆರಪಿ ಸಣ್ಣ ಊರಿನವರಿಗೂ, ಹೊರದೇಶದಲ್ಲಿದ್ದು ಕನ್ನಡದಲ್ಲೇ ಮಾತಾಡಬೇಕೆನ್ನುವವರಿಗೂ ದೊಡ್ಡ ಅನುಕೂಲ. ಆದರೆ ಸ್ಕ್ರೀನಿನ ಆಚೆಯಿಂದ ನಾಡಿ ಸಿಗುವುದಿಲ್ಲ, ಹತ್ತಿರದ ವೈದ್ಯರೊಬ್ಬರು ಬಿಪಿ, ಪೊಟ್ಯಾಶಿಯಂ ನೋಡುತ್ತಿರಲೇಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಅಡ್ಮಿಟ್ ಆಗುವ ಮುಂಚೆ ಪಾಲಿಸಿಯ ಷರತ್ತು ಓದಿಕೊಳ್ಳಿ.

ಈಗಲೇ ಯಾರ ಜೊತೆಗಾದರೂ ಮಾತಾಡಬೇಕೆನಿಸಿದರೆ ಟೆಲಿ ಮಾನಸ್, 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ಎಚ್ಚರ ತಪ್ಪಿದರೆ, ಎದೆ ಡವಗುಟ್ಟಿ ನಿಲ್ಲದಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ನೀರೂ ಒಳಗೆ ನಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ ಆಯ್ಕೆ ಹೋಲಿಸುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಎಮರ್ಜೆನ್ಸಿಗೆ ಹೋಗಿ. ಹಿಂದಿನ ವಾರದ ರಕ್ತದ ರಿಪೋರ್ಟ್ ನಾರ್ಮಲ್ ಇತ್ತು ಎನ್ನುವುದು ಕಾಯಲು ಕಾರಣವಲ್ಲ. ಅಲ್ಲಿಯ ಡ್ಯೂಟಿ ಡಾಕ್ಟರಿಗೆ ಊಟ ಬಿಟ್ಟದ್ದು, ವಾಂತಿ, ಭೇದಿಮಾತ್ರೆ, ಎಲ್ಲವನ್ನೂ ಮುಚ್ಚಿಡದೆ ಹೇಳಿ. "ಗ್ಯಾಸ್ಟ್ರಿಕ್" ಎಂದಷ್ಟೇ ಹೇಳಿದರೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತಾರೆ.